ಹೊಲಿಗೆಯ ಮೇಲೆ ಉದುರಿಸುವ ಪುಡಿ

ಪಕ್ಕದ ಮನೆಯ ಅಣ್ಣನಿಗೆ ದೊಡ್ಡ ಕರುಳಿನ ಗಡ್ಡೆಗೆಂದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಏಳನೆಯ ದಿನ ಅವರನ್ನು ಕಲ್ಯಾಣಪುರದ ಮನೆಗೆ ಕರೆತಂದರು. ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ ಅವರ ಹೆಂಡತಿ ನಮ್ಮ ಜಗಲಿಗೆ ಬಂದು, ಕೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನನ್ನ ಮುಂದೆ ಹಿಡಿದರು. ಗಾಯಕ್ಕೆ ಉದುರಿಸುವ ಆಂಟಿಬಯಾಟಿಕ್ ಪುಡಿ ಅದು. ನಿಯೋಮೈಸಿನ್, ಪಾಲಿಮಿಕ್ಸಿನ್, ಬ್ಯಾಸಿಟ್ರಾಸಿನ್ ಎಂಬ ಮೂರು ಔಷಧಗಳ ಮಿಶ್ರಣ, ನಮ್ಮ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇರುವಂಥದ್ದು.

“ಸಿಸ್ಟರಕ್ಕ, ಇಷ್ಟುದ್ದ ಹೊಲಿಗೆ ಉಂಟು. ಅದರ ಮೇಲೆ ಹಾಕಲಿಕ್ಕೆ ಡಾಕ್ಟ್ರು ಒಂದು ಪುಡಿಯನ್ನೂ ಬರೆದು ಕೊಡಲಿಲ್ಲ. ನಾನೇ ಮೆಡಿಕಲಿನಲ್ಲಿ ಕೇಳಿ ತಂದೆ. ದಿನಕ್ಕೆ ಎರಡು ಸಲ ಹಾಕಿದರೆ ಆಗ್ತದಲ್ವಾ?”

ಬೇಡ ಅಕ್ಕ, ಹೊಲಿಗೆ ಒಣಗಿಯೇ ಇದೆ, ಅದಕ್ಕೆ ಏನನ್ನೂ ಹಾಕುವುದು ಬೇಡ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. “ನಮ್ಮ ಅಮ್ಮನಿಗೆ ಆಪರೇಷನ್ ಆದಾಗ ನೀವೇ ಹಾಕಿದ್ದಲ್ವಾ?” ಎಂದು ಕೇಳಿದರು. ಹೌದು, ಹಾಕಿದ್ದೆ. ಮೂವತ್ತು ವರ್ಷಗಳ ಹಿಂದಿನ ಆ ಡ್ರೆಸ್ಸಿಂಗನ್ನು ಅವರು ಮರೆತಿರಲಿಲ್ಲ. ಅಂದು ಹಾಕುತ್ತಿದ್ದುದನ್ನು ಇಂದು ಏಕೆ ಬೇಡವೆನ್ನುತ್ತೇನೆ ಎಂಬುದನ್ನು ಜಗಲಿಯ ಮೇಲೆ ನಿಂತು ಎರಡು ಮಾತಿನಲ್ಲಿ ಹೇಳಲು ನನಗೆ ಸಾಧ್ಯವಾಗಲಿಲ್ಲವಾದ್ದರಿಂದ, ಅದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ಆಪರೇಷನ್ ಥಿಯೇಟರಿನ ಕೆಲಸಕ್ಕೆ ಸೇರಿದ್ದು 1980ರ ದಶಕದ ಕೊನೆಯಲ್ಲಿ. ಕರುಳಿನ ಶಸ್ತ್ರಚಿಕಿತ್ಸೆ ಮುಗಿಯುತ್ತ ಬಂದು, ಹೊಟ್ಟೆಯ ಗೋಡೆಯ ಗಟ್ಟಿ ಪದರವನ್ನು ಹೊಲಿದಾದ ಮೇಲೆ, ಚರ್ಮವನ್ನು ಮುಚ್ಚುವ ಮುನ್ನ “ಜೆಂಟಾ ಕೊಡಿ ಸಿಸ್ಟರ್” ಎಂಬ ಮಾತು ಬಂದೇ ಬರುತ್ತಿತ್ತು. 80 ಮಿಲಿಗ್ರಾಂ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಎರಡು ಎಂಎಲ್‌ನ ವಯಲನ್ನು ಸಿರಿಂಜಿಗೆ ಎಳೆದು ಕೊಟ್ಟರೆ, ಸರ್ಜನ್ ಅದನ್ನು ತೆರೆದ ಗಾಯದ ಉದ್ದಕ್ಕೂ ಚಿಮುಕಿಸುತ್ತಿದ್ದರು. ಇನ್ನೊಬ್ಬರು ರಕ್ತನಾಳಕ್ಕೆ ಕೊಡುವ ನೂರು ಎಂಎಲ್ ಮೆಟ್ರೊನಿಡಜೋಲ್ ಬಾಟಲಿಯನ್ನೇ ಕತ್ತರಿಸಿ ಸುರಿದು ತೊಳೆಯುತ್ತಿದ್ದರು. ಮತ್ತೊಬ್ಬರಿಗೆ ಪುಡಿಯೇ ಆಗಬೇಕು. ಯಾರ ವಿಧಾನ ಮೇಲು ಎಂದು ನಾವು ಎಣಿಸಿ ನೋಡಿದವರಲ್ಲ. ಗಾಯ ಒಣಗಿದರೆ ಜೆಂಟಾ ಕೆಲಸ ಮಾಡಿತು ಎನ್ನುತ್ತಿದ್ದೆವು. ಕೀವಾದರೆ ರೋಗಿಯ ಸಕ್ಕರೆಯನ್ನೋ ದಪ್ಪ ಹೊಟ್ಟೆಯನ್ನೋ ದೂರುತ್ತಿದ್ದೆವು. ಹೀಗೆ ಲೆಕ್ಕ ಬರೆದರೆ ಯಾವ ಔಷಧವೂ ಎಂದಿಗೂ ಸೋಲುವುದಿಲ್ಲ.

ಆ ಪದ್ಧತಿಯ ಹಿಂದೆ ತರ್ಕವೇ ಇರಲಿಲ್ಲವೆಂದು ನಾನು ಹೇಳಲಾರೆ. ರಕ್ತದ ಮೂಲಕ ಕೊಟ್ಟ ಔಷಧ ಇಡೀ ದೇಹಕ್ಕೆ ಹಂಚಿಹೋಗುತ್ತದೆ. ಚರ್ಮದ ಅಡಿಯ ಕೊಬ್ಬಿಗೆ ರಕ್ತದ ಹರಿವು ಕಡಿಮೆ. ಅಲ್ಲಿಗೆ ತಲುಪುವ ಔಷಧವೂ ಅಷ್ಟಕ್ಕಷ್ಟೇ. ಗಾಯದಲ್ಲಿಯೇ ಇಟ್ಟರೆ ಬೇಕಾದ ಜಾಗದಲ್ಲಿ ನೂರಾರು ಪಟ್ಟು ಹೆಚ್ಚು ಸಾಂದ್ರತೆ ಸಿಗುತ್ತದೆ, ರಕ್ತದಲ್ಲಿ ಮಾತ್ರ ಅದರ ಪ್ರಮಾಣ ಕಡಿಮೆಯೇ ಇರುತ್ತದೆ. ಜೆಂಟಾಮೈಸಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲ ಔಷಧವಾದ್ದರಿಂದ ಈ ಅನುಕೂಲ ಸಣ್ಣದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಸಲ್ಫಾ ಪುಡಿಯ ಪೊಟ್ಟಣವನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಗುಂಡು ತಗುಲಿದೊಡನೆ ಅದನ್ನು ಹರಿದು ಗಾಯದ ಮೇಲೆ ಉದುರಿಸಬೇಕೆಂಬುದು ಅವರಿಗಿದ್ದ ಸೂಚನೆ. ಅದರಿಂದ ಸೋಂಕು ಕಡಿಮೆಯಾಗಲಿಲ್ಲವೆಂದು ತಿಳಿದ ಮೇಲೆ ಸೇನೆ ಅದನ್ನು ಕೈಬಿಟ್ಟರೂ, ಗಾಯಕ್ಕೆ ಪುಡಿ ಹಾಕಬೇಕೆಂಬ ನಂಬಿಕೆ ಮಾತ್ರ ಮನೆಮನೆಗಳಲ್ಲಿ ಉಳಿದುಕೊಂಡಿತು.

ಕರುಳಿನ ಗಾಯ ಬೇರೆ ಗಾಯಗಳಂತಲ್ಲ. ಥೈರಾಯ್ಡನ್ನೋ ಹರ್ನಿಯಾವನ್ನೋ ಕೊಯ್ಯುವಾಗ ಮುಖ್ಯವಾಗಿ ಹೆದರಬೇಕಾದದ್ದು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ. ದೊಡ್ಡ ಕರುಳನ್ನು ತೆರೆದಾಗ ಒಳಗಿನದೇ ಹೊರಬರುತ್ತದೆ. ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಎಲ್ಲರಿಗೂ ಹೆಸರು ಗೊತ್ತಿರುವ ಇ. ಕೋಲಿ ನಿಜಕ್ಕೂ ಅಲ್ಪಸಂಖ್ಯಾತ. ಆಮ್ಲಜನಕವಿಲ್ಲದೆಯೇ ಬದುಕುವ ಬ್ಯಾಕ್ಟೀರಾಯ್ಡಿಸ್‌ನಂಥವುಗಳ ಸಂಖ್ಯೆ ಅದಕ್ಕಿಂತ ಸಾವಿರ ಪಟ್ಟು ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಒಳಗೆ ಹೋಗಬೇಕಾದರೆ ಆಮ್ಲಜನಕ ಬೇಕು. ಆಮ್ಲಜನಕವಿಲ್ಲದೆ ಬದುಕುವ ಜೀವಿಯ ಮೇಲೆ ಅದನ್ನು ಎಷ್ಟು ಸುರಿದರೂ ಫಲವಿಲ್ಲ.

ಪುಡಿ ಮತ್ತು ದ್ರವಗಳ ಬಳಕೆ ಹೀಗೆ ಅಂದಾಜಿನ ಮೇಲೆ ನಡೆಯುತ್ತಿದ್ದಾಗ, ಯುರೋಪಿನಲ್ಲಿ ಅದಕ್ಕೊಂದು ಶಿಸ್ತಿನ ರೂಪ ಬಂದಿತು. ಕೊಲಾಜನ್ ಎಂಬ ಪ್ರೋಟೀನಿನಿಂದ ಮಾಡಿದ, ಅಂಗೈಗಿಂತ ತುಸು ದೊಡ್ಡದಾದ, ಹತ್ತು ಸೆಂಟಿಮೀಟರ್ ಚೌಕದ ತೆಳು ಸ್ಪಾಂಜ್. ಅದರೊಳಗೆ 130 ಮಿಲಿಗ್ರಾಂ ಜೆಂಟಾಮೈಸಿನ್. ಗಾಯ ಮುಚ್ಚುವಾಗ ಒಳಗಿಟ್ಟರೆ ಔಷಧವನ್ನು ಬಿಡುತ್ತ ತಾನೂ ಕರಗಿಹೋಗುತ್ತದೆ, ಮತ್ತೆ ತೆಗೆಯಬೇಕಾಗಿಲ್ಲ. 1997ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ, ದೊಡ್ಡ ಕರುಳು ಮತ್ತು ಗುದನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 221 ಜನರಲ್ಲಿ, ಸ್ಪಾಂಜ್ ಇಡದವರಿಗೆ ಶೇಕಡಾ 18.4ರಷ್ಟು ಗಾಯದ ಸೋಂಕಾದರೆ ಇಟ್ಟವರಿಗೆ ಆದದ್ದು ಶೇಕಡಾ 5.6 ಮಾತ್ರ. 2005ರಲ್ಲಿ ಸ್ವೀಡನ್ನಿನ ಹೃದ್ರೋಗ ಶಸ್ತ್ರಚಿಕಿತ್ಸಕರು ಸುಮಾರು ಎರಡು ಸಾವಿರ ರೋಗಿಗಳ ಎದೆಯ ಗಾಯದಲ್ಲಿ ಇದನ್ನು ಪರೀಕ್ಷಿಸಿ, ಸೋಂಕು ಶೇಕಡಾ 9ರಿಂದ 4.3ಕ್ಕೆ ಇಳಿಯಿತೆಂದು ವರದಿ ಮಾಡಿದರು. ಇಷ್ಟು ಒಳ್ಳೆಯ ಅಂಕಿಗಳನ್ನು ಕಂಡ ಯಾರಿಗಾದರೂ ಇನ್ನು ಚರ್ಚೆಗೆ ಉಳಿದಿರುವುದು ಸ್ಪಾಂಜಿನ ಬೆಲೆಯೊಂದೇ ಎನ್ನಿಸುವುದು ಸಹಜ.

ಆಮೇಲೆ ಬಂದದ್ದು 2010ರ ಅಮೆರಿಕದ ಅಧ್ಯಯನ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಆ ಲೇಖನದ ಪ್ರತಿಯೊಂದನ್ನು ನಮ್ಮ ಸರ್ಜನ್ ಥಿಯೇಟರಿನ ಪಕ್ಕದ ಕೋಣೆಯ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಚಹಾ ಆರುವವರೆಗೂ ನಾನು ಅದರ ಕೋಷ್ಟಕವನ್ನೇ ನೋಡುತ್ತ ಕುಳಿತಿದ್ದೆ. 39 ಆಸ್ಪತ್ರೆಗಳು, ಕರುಳಿನ ಶಸ್ತ್ರಚಿಕಿತ್ಸೆಗೆ ಬಂದ 602 ರೋಗಿಗಳು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಗಾಯದಲ್ಲಿ, ಚರ್ಮಕ್ಕೂ ಹೊಟ್ಟೆಯ ಗಟ್ಟಿ ಪದರಕ್ಕೂ ನಡುವೆ, ಎರಡು ಸ್ಪಾಂಜ್‌ಗಳನ್ನು ಇಟ್ಟರು. ಇನ್ನೊಂದು ಗುಂಪಿನವರಿಗೆ ಏನನ್ನೂ ಇಡಲಿಲ್ಲ. ರಕ್ತನಾಳದ ಮೂಲಕ ಕೊಡುವ ಮಾಮೂಲು ಆಂಟಿಬಯಾಟಿಕ್ ಎರಡೂ ಗುಂಪುಗಳಿಗೆ ಇತ್ತು. ಏನೂ ಇಡದವರಲ್ಲಿ ಶೇಕಡಾ 20.9ರಷ್ಟು ಜನರಿಗೆ ಸೋಂಕಾಯಿತು. ಸ್ಪಾಂಜ್ ಇಟ್ಟವರಲ್ಲಿ ಶೇಕಡಾ 30ರಷ್ಟು ಜನರಿಗೆ. ನಾನು ಮೊದಲು ಸಾಲುಗಳನ್ನು ಅದಲುಬದಲು ಓದಿಕೊಂಡೆನೆಂದೇ ಭಾವಿಸಿದ್ದೆ. ಗಾಯದ ತೊಂದರೆಯೆಂದು ಮರಳಿ ಆಸ್ಪತ್ರೆಗೆ ಅಥವಾ ಸರ್ಜನರ ಬಳಿಗೆ ಬಂದವರ ಸಂಖ್ಯೆಯೂ ಸ್ಪಾಂಜಿನ ಗುಂಪಿನಲ್ಲೇ ಹೆಚ್ಚಾಗಿತ್ತು, ಶೇಕಡಾ 11ರ ಎದುರು 19.7. ಅದೇ ವರ್ಷ ಅಮೆರಿಕದ 48 ಆಸ್ಪತ್ರೆಗಳ 1,502 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವೂ ಹೊರಬಿದ್ದಿತು; ಅಲ್ಲಿ ಸ್ಪಾಂಜ್ ಇಟ್ಟದ್ದರಿಂದ ನಷ್ಟವಾಗಲಿಲ್ಲ, ಲಾಭವೂ ಆಗಲಿಲ್ಲ.

ಏಕೆ ಹೀಗಾಯಿತು ಎಂಬುದಕ್ಕೆ ಕೊಡುವ ವಿವರಣೆಗಳೆಲ್ಲ ಘಟನೆ ನಡೆದ ಮೇಲೆ ಹುಡುಕಿದವು, ಆದರೂ ಅವು ವಿಚಾರಕ್ಕೆ ಅರ್ಹವಾದವು. ಔಷಧ ಸ್ಪಾಂಜಿನಿಂದ ಬಹುಬೇಗ ಹೊರಬಂದು ಮುಗಿದುಹೋಗುತ್ತದೆ, ಕೊಲಾಜನ್ ಮಾತ್ರ ಇನ್ನೂ ಅಲ್ಲೇ ಇರುತ್ತದೆ. ಕಾವಲುಗಾರ ಮನೆಗೆ ಹೋದ ಮೇಲೆ ಅವನ ಕುರ್ಚಿ ಕಳ್ಳನಿಗೆ ಏಣಿಯಾದ ಹಾಗೆ, ಔಷಧವಿಲ್ಲದ ಸ್ಪಾಂಜ್ ಗಾಯದೊಳಗಿನ ಪರಕೀಯ ವಸ್ತುವಾಗಿ ಬ್ಯಾಕ್ಟೀರಿಯಾಗಳಿಗೆ ಆಸರೆ ಕೊಟ್ಟಿರಬಹುದು. ಗಾಯದ ಎರಡು ಅಂಚುಗಳು ಒಂದನ್ನೊಂದು ಕೂಡಿಕೊಳ್ಳದಂತೆ ನಡುವೆ ಅಡ್ಡ ನಿಂತಿರಬಹುದು. ಆಮ್ಲಜನಕದ ಹಂಗಿಲ್ಲದ ಬ್ಯಾಕ್ಟೀರಿಯಾಗಳ ವಿಚಾರವನ್ನು ಮೇಲೆಯೇ ಹೇಳಿದೆ. ಇವುಗಳಲ್ಲಿ ಯಾವುದು ನಿಜವಾದರೂ ನನಗೆ ಮುಖ್ಯವೆನಿಸಿದ್ದು ಬೇರೆಯೇ ಒಂದು ಸಂಗತಿ. ಅಳತೆ ಗೊತ್ತಿರುವ, ಶುದ್ಧವಾಗಿ ತಯಾರಾದ, ಒಂದೇ ರೀತಿಯಲ್ಲಿ ಇಟ್ಟ ಔಷಧವೇ ಹೀಗೆ ತಿರುಗಿಬೀಳಬಹುದಾದರೆ, ನಾನು ವರ್ಷಗಟ್ಟಲೆ ಸಿರಿಂಜಿಗೆ ಎಳೆದು ಕೊಟ್ಟ ಜೆಂಟಾ ಎಷ್ಟು ಜನರಿಗೆ ಒಳಿತು ಮಾಡಿತು, ಎಷ್ಟು ಜನರಿಗೆ ಕೆಡುಕು ಮಾಡಿತು ಎಂದು ಯಾರು ಹೇಳಬೇಕು?

ಗಾಯಕ್ಕೆ ನೇರವಾಗಿ ಹಾಕುವ ಔಷಧ ಎಲ್ಲೆಡೆಯೂ ಸೋತಿದೆಯೆಂದಲ್ಲ. ಮೊಣಕಾಲಿನ ಕೆಳಗಿನ ಮುರಿದ ಮೂಳೆಗೆ ಲೋಹದ ಪಟ್ಟಿ ಕೂರಿಸುವಾಗ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಪುಡಿ ಹಾಕಿ ನೋಡಿದ 2021ರ ಅಧ್ಯಯನದಲ್ಲಿ ಚರ್ಮದ ಬ್ಯಾಕ್ಟೀರಿಯಾಗಳಿಂದ ಆಗುವ ಆಳದ ಸೋಂಕು ಕಡಿಮೆಯಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ ಇ. ಕೋಲಿಯ ಪಂಗಡದ ಸೋಂಕುಗಳು ಕಡಿಮೆಯಾಗಲಿಲ್ಲ. ವ್ಯಾಂಕೊಮೈಸಿನ್ ಆ ಪಂಗಡವನ್ನು ಮುಟ್ಟುವುದೇ ಇಲ್ಲ. ಮೂಳೆಯ ವೈದ್ಯರಿಗೆ ಸರಿಹೋದದ್ದು ಕರುಳಿನ ವೈದ್ಯರಿಗೂ ಸರಿಹೋಗುತ್ತದೆ ಎನ್ನಲಾಗದು.

ಹಾಗಾದರೆ ಕರುಳಿನ ರೋಗಿಯನ್ನು ಕಾಪಾಡುವುದು ಯಾವುದು? ಇದಕ್ಕೆ ಮೊದಲ ಉತ್ತರ ಗಡಿಯಾರ. 1961ರಲ್ಲಿ ಬಾಸ್ಟನ್ನಿನ ಬರ್ಕ್ ಎಂಬ ಸರ್ಜನ್ ಗಿನಿಯಿಲಿಗಳ ಚರ್ಮದೊಳಗೆ ಬ್ಯಾಕ್ಟೀರಿಯಾವನ್ನು ಚುಚ್ಚಿ, ಬೇರೆ ಬೇರೆ ಹೊತ್ತಿಗೆ ಆಂಟಿಬಯಾಟಿಕ್ ಕೊಟ್ಟು ನೋಡಿದರು. ಬ್ಯಾಕ್ಟೀರಿಯಾ ಒಳಹೊಗುವ ಮೊದಲೇ ಔಷಧ ಅಂಗಾಂಶದಲ್ಲಿ ಇದ್ದರೆ ಸೋಂಕು ತಲೆಯೆತ್ತಲಿಲ್ಲ. ಮೂರು ಗಂಟೆ ತಡವಾಗಿ ಕೊಟ್ಟರೆ ಕೊಟ್ಟದ್ದೂ ಒಂದೇ, ಬಿಟ್ಟದ್ದೂ ಒಂದೇ. ಮನುಷ್ಯರಲ್ಲಿ ಇದೇ ಮಾತು 1992ರಲ್ಲಿ ಅಮೆರಿಕದ ಯೂಟಾದಿಂದ ಬಂದಿತು. 2,847 ರೋಗಿಗಳಿಗೆ ಔಷಧ ಕೊಟ್ಟ ಹೊತ್ತನ್ನು ಗಮನಿಸುತ್ತ ಹೋದಾಗ, ಕೊಯ್ಯುವ ಮುನ್ನಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಸೋಂಕಾದವರು ಶೇಕಡಾ 0.6. ಅದಕ್ಕಿಂತ ಬಹಳ ಮೊದಲೇ ಪಡೆದವರಲ್ಲಿ ಶೇಕಡಾ 3.8, ಕೊಯ್ದು ಮೂರು ಗಂಟೆಯಾದ ನಂತರ ಪಡೆದವರಲ್ಲಿ ಶೇಕಡಾ 3.3. ಚರ್ಮ ಮುಚ್ಚುವ ಹೊತ್ತಿಗೆ ಗಾಯಕ್ಕೆ ಸುರಿಯುವ ನಮ್ಮ ಜೆಂಟಾ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ: ಕರುಳು ತೆರೆದು ಎರಡು ಮೂರು ಗಂಟೆಯಾಗಿರುತ್ತದೆ, ದೋಣಿ ಮಲ್ಪೆ ಬಂದರಿನ ದಕ್ಕೆ ಬಿಟ್ಟಾಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಕಳೆದ 60 ನಿಮಿಷದೊಳಗೆ ಆಂಟಿಬಯಾಟಿಕ್ ಕೊಟ್ಟಾಗಿದೆಯೇ ಎಂಬ ಪ್ರಶ್ನೆಯಿದೆ. ನಮ್ಮಲ್ಲಿ ಅದನ್ನು ಗಟ್ಟಿಯಾಗಿ ಓದಿ ಕೇಳುವ ಕೆಲಸ ನನ್ನ ಪಾಲಿಗೆ ಬಂದಾಗ, ಹಿರಿಯ ಸರ್ಜನರೊಬ್ಬರು ಮೊದಲ ಕೆಲವು ವಾರ ಮುಖ ತಿರುಗಿಸಿಕೊಂಡಿರುತ್ತಿದ್ದರು. ಒಂದು ದಿನ ನಿಜಕ್ಕೂ ಔಷಧ ಕೊಡುವುದು ಮರೆತುಹೋಗಿತ್ತು, ಅಂದಿನಿಂದ ಅವರೇ “ಪಟ್ಟಿ ಓದಿ ಸಿಸ್ಟರ್” ಎನ್ನತೊಡಗಿದರು. ಸೆಫಾಜೊಲಿನ್‌ನಂಥ ಔಷಧವಾದರೆ ನಾಲ್ಕು ಗಂಟೆ ಮೀರಿದ ಶಸ್ತ್ರಚಿಕಿತ್ಸೆಗೆ, ಅಥವಾ ರಕ್ತಸ್ರಾವ ಹೆಚ್ಚಾದಾಗ, ಇನ್ನೊಂದು ಡೋಸ್ ಬೇಕು. ಕರುಳಿಗಾದರೆ ಅದರ ಜೊತೆಗೆ ಮೆಟ್ರೊನಿಡಜೋಲ್. ಹೊಲಿಗೆ ಮುಗಿದ ಮೇಲೆ ಐದಾರು ದಿನ ತಡೆಗೆಂದು ಮುಂದುವರಿಸುವುದು ಬೇಡವೆಂದು ಅದೇ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಕಡೆಯ ರೋಗಿಗಳ ಮನೆಯವರಿಗೆ ಜೀರ್ಣಿಸಿಕೊಳ್ಳಲು ಕಷ್ಟವಾಗುವ ಮಾತು ಇದು. ಡಿಸ್ಚಾರ್ಜ್ ಚೀಟಿಯಲ್ಲಿ ಆಂಟಿಬಯಾಟಿಕ್ ಇಲ್ಲದಿದ್ದರೆ ಡಾಕ್ಟರರು ಮರೆತಿದ್ದಾರೆಂದೇ ಅವರ ಎಣಿಕೆ.

ಸ್ಥಳದಲ್ಲೇ ಕೆಲಸ ಮಾಡುವ ಆಂಟಿಬಯಾಟಿಕ್ ಎಂಬ ಮಾತಿಗೆ ಕರುಳಿನ ವಿಚಾರದಲ್ಲಿ ಇನ್ನೊಂದು ಅರ್ಥವಿದೆ, ಮತ್ತು ಅದರ ಪರವಾಗಿರುವ ಪುರಾವೆ ಪುಡಿಯದಕ್ಕಿಂತ ಬಹಳ ಬಲವಾದದ್ದು. ಗಾಯಕ್ಕೆ ಹಾಕುವ ಬದಲು ಹಿಂದಿನ ದಿನವೇ ರೋಗಿಗೆ ನುಂಗಿಸುವುದು. 1973ರಲ್ಲಿ ನಿಕೋಲ್ಸ್ ಮತ್ತು ಕಾಂಡನ್ ಎಂಬವರು ನಿಯೋಮೈಸಿನ್ ಮತ್ತು ಎರಿಥ್ರೊಮೈಸಿನ್ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಯ ಮುನ್ನಾದಿನ ಮೂರು ಹೊತ್ತು ಕೊಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ನಿಯೋಮೈಸಿನ್ ರಕ್ತಕ್ಕೆ ಇಳಿಯುವುದೇ ಅಪರೂಪ; ಅದು ಕರುಳಿನಲ್ಲೇ ಉಳಿದು ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ. ಡಬ್ಬಿಯಲ್ಲಿ ಪುಡಿಯಾಗಿದ್ದ ಅದೇ ನಿಯೋಮೈಸಿನ್! ಕೆಲಸ ಮಾಡುವ ಜಾಗ ಬೇರೆ, ಹೊತ್ತು ಬೇರೆ, ಅಷ್ಟೇ. 2020ರ ಸ್ಪೇನಿನ ಅಧ್ಯಯನದಲ್ಲಿ ಮುನ್ನಾದಿನ ಸಿಪ್ರೊಫ್ಲಾಕ್ಸಸಿನ್ ಮತ್ತು ಮೆಟ್ರೊನಿಡಜೋಲ್ ನುಂಗಿದವರಲ್ಲಿ ಸೋಂಕು ಶೇಕಡಾ 5, ನುಂಗದವರಲ್ಲಿ ಶೇಕಡಾ 11. ಅದಕ್ಕೂ ಹಿಂದಿನ ವರ್ಷದ ಫಿನ್ಲೆಂಡಿನ ಅಧ್ಯಯನ, ಮಾತ್ರೆಯೂ, ಕರುಳನ್ನು ಖಾಲಿ ಮಾಡಲು ಕುಡಿಸುವ ಬೇಧಿಯ ದ್ರಾವಣವೂ ಸೇರಿದ ತಯಾರಿಯನ್ನು ಏನೂ ಮಾಡದವರೊಡನೆ ಹೋಲಿಸಿ, 7 ಮತ್ತು 11ರ ಅಂತರವನ್ನು ಕಂಡರೂ ಅದು ಆಕಸ್ಮಿಕವಾಗಿರಬಹುದೆಂದು ತೀರ್ಮಾನಿಸಿತ್ತು. ಎರಡನ್ನೂ ಓದಿದವರು ಇನ್ನೂ ವಾದ ಮಾಡುತ್ತಿದ್ದಾರೆ. ನನ್ನ ಒಲವು ನುಂಗಿಸುವ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆಯೂ, ಬೇಧಿಯ ದ್ರಾವಣ ಕುಡಿಸುವುದಾದರೆ ಮಾತ್ರೆಯ ಜೊತೆಗೇ ಕುಡಿಸಿ, ಬರಿಯ ದ್ರಾವಣ ಬೇಡ ಎನ್ನುತ್ತದೆ. ಆ ಉಪ್ಪುಪ್ಪು ನೀರನ್ನು ಲೀಟರುಗಟ್ಟಲೆ ಕುಡಿದು ರಾತ್ರಿಯಿಡೀ ಪಾಯಿಖಾನೆಗೆ ನಡೆದಾಡಿದ ವೃದ್ಧರನ್ನು ಕಂಡಿರುವ ನನಗೆ, ಬರಿಯ ದ್ರಾವಣದಿಂದ ಲಾಭವಿಲ್ಲವೆಂದು ಇಷ್ಟು ತಡವಾಗಿ ತಿಳಿಯಿತಲ್ಲ ಎಂಬ ಬೇಸರವಿದೆ.

ಇನ್ನೊಂದು ಉತ್ತರ ಕಂಬಳಿ. ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ ಬೆವರಿಕೊಂಡು ಬಂದ ರೋಗಿಯನ್ನು ಥಿಯೇಟರಿನ ಎಸಿಯಲ್ಲಿ ತೆಳು ಗೌನಿನಲ್ಲಿ ಮಲಗಿಸಿ, ಹೊಟ್ಟೆ ತೆರೆದು ಮೂರು ಗಂಟೆ ಇಟ್ಟರೆ ಮೈ ತಣ್ಣಗಾಗದೆ ಇರುತ್ತದೆಯೇ? ನಾವು ಅದನ್ನು ಗಮನಿಸಿಯೂ ಗಮನಿಸದಂತೆ ಇದ್ದೆವು. ಗೌನು, ಮಾಸ್ಕು ತೊಟ್ಟು ದೀಪದ ಕೆಳಗೆ ನಿಂತ ಸರ್ಜನರಿಗೆ ಸೆಖೆಯಾಗಬಾರದಲ್ಲ. ವಿಯೆನ್ನಾದ ತಂಡವೊಂದು 1996ರಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳಲ್ಲಿ ಕೆಲವರನ್ನು ಬೆಚ್ಚಗಿಟ್ಟು, ಉಳಿದವರನ್ನು ಅಂದಿನ ವಾಡಿಕೆಯಂತೆ ತಣ್ಣಗಾಗಲು ಬಿಟ್ಟು ನೋಡಿತು. ಮೈಯ ಉಷ್ಣತೆಯ ಅಂತರ ಎರಡು ಡಿಗ್ರಿಯಷ್ಟೇ, 36.6 ಮತ್ತು 34.7. ಗಾಯದ ಸೋಂಕು ಬೆಚ್ಚಗಿದ್ದವರಲ್ಲಿ ಶೇಕಡಾ 6, ತಣ್ಣಗಾದವರಲ್ಲಿ ಶೇಕಡಾ 19. ಚಳಿಗೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ಆಗ ಗಾಯಕ್ಕೆ ಆಮ್ಲಜನಕವೂ ಬಿಳಿ ರಕ್ತಕಣಗಳೂ ಸರಿಯಾಗಿ ತಲುಪುವುದಿಲ್ಲ. ಬಿಸಿಗಾಳಿ ಊದುವ ಹೊದಿಕೆಯ ಯಂತ್ರ ನಮ್ಮಲ್ಲಿಗೆ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಬಂದ ಮೇಲೂ ಅದನ್ನು ಮೂಲೆಯಿಂದ ಎಳೆದು ತರಲು ವಾರ್ಡ್‌ಬಾಯ್‌ಗೆ ಪ್ರತಿ ಸಲ ನೆನಪಿಸಬೇಕಾಗಿತ್ತು.

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿಯೇ ನಡೆದ ಎರಡು ದೊಡ್ಡ ಅಧ್ಯಯನಗಳು ನನ್ನ ನಿವೃತ್ತಿಯ ಹೊತ್ತಿಗೆ ಬಂದವು. ಭಾರತದ ಆಸ್ಪತ್ರೆಗಳೂ ಅವುಗಳಲ್ಲಿ ಭಾಗವಹಿಸಿದ್ದವು. 2021ರದ್ದು ಏಳು ದೇಶಗಳ 5,788 ರೋಗಿಗಳ ಮೇಲೆ: ಕ್ರಿಮಿನಾಶಕ ಲೇಪಿಸಿದ ದುಬಾರಿ ಹೊಲಿಗೆ ದಾರವೂ ಸಾಮಾನ್ಯ ದಾರವೂ ಒಂದೇ ಫಲ ಕೊಟ್ಟವು, ಚರ್ಮಕ್ಕೆ ಬಳಿಯುವ ಕ್ಲೋರ್‌ಹೆಕ್ಸಿಡಿನ್ ಹೆಚ್ಚೋ ಅಯೋಡಿನ್ ಹೆಚ್ಚೋ ಎಂಬ ಜಗಳವೂ ಸಮಬಲದಲ್ಲಿ ಮುಗಿಯಿತು. 2022ರದ್ದು 81 ಆಸ್ಪತ್ರೆಗಳ 13,301 ರೋಗಿಗಳದ್ದು. ಅದರಲ್ಲಿ ಪರೀಕ್ಷಿಸಿದ್ದು ಯಾವ ಔಷಧವನ್ನೂ ಅಲ್ಲ. ಹೊಟ್ಟೆ ಮುಚ್ಚುವ ಮುನ್ನ ಎಲ್ಲರೂ ಗ್ಲೌಸ್ ಬದಲಾಯಿಸಿ, ಹೊಸ ಉಪಕರಣಗಳನ್ನು ತೆಗೆದುಕೊಳ್ಳುವುದನ್ನು. ಸೋಂಕು ಶೇಕಡಾ 18.9ರಿಂದ 16ಕ್ಕೆ ಇಳಿಯಿತು. ಇಳಿಕೆ ದೊಡ್ಡದಲ್ಲ. ಆದರೆ ಕರುಳನ್ನು ಹಿಡಿದಿದ್ದ ಚಿಮಟದಿಂದಲೇ ಚರ್ಮವನ್ನೂ ಹಿಡಿಯುವುದು ಎಂಥ ಕೆಲಸವೆಂದು ನಾವು ನರ್ಸುಗಳು ನಮ್ಮನಮ್ಮಲ್ಲಿ ಮಾತಾಡಿಕೊಂಡದ್ದುಂಟು. “ಇನ್ನೊಂದು ಸೆಟ್ ತೆರೆದರೆ ಯಾರು ತೊಳೆಯುತ್ತಾರೆ?” ಎಂಬ ಪ್ರಶ್ನೆ ಬರುತ್ತಿತ್ತು. ತೊಳೆಯುವವರು ನಾವೇ ಆಗಿದ್ದರಿಂದ ನಾವೂ ಸುಮ್ಮನಾಗುತ್ತಿದ್ದೆವು.

ಹಿಂದಿನ ರಾತ್ರಿ ಬ್ಲೇಡಿನಿಂದ ಕೂದಲು ಹೆರೆಯುವ ಪದ್ಧತಿ ಚರ್ಮವನ್ನು ಗೀರಿ ಬ್ಯಾಕ್ಟೀರಿಯಾಗೆ ದಾರಿ ಮಾಡಿಕೊಡುತ್ತದೆ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಸಾಕು. ಸಕ್ಕರೆ ಹಿಡಿತದಲ್ಲಿರಬೇಕು. ಬೀಡಿ ಬಿಡಬೇಕು. ಮುಚ್ಚುವ ಮುನ್ನ ಗಾಯವನ್ನು ತೊಳೆಯುವುದಾದರೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಬಳಸಬಹುದೆಂದೂ, ಆಂಟಿಬಯಾಟಿಕ್ ಬೆರೆಸಿದ ನೀರು ಬೇಡವೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆ ಹೇಳುತ್ತದೆ. ಗಾಯದ ಮೇಲೆ ಆಂಟಿಬಯಾಟಿಕ್ ಮುಲಾಮನ್ನಾಗಲಿ ದ್ರವವನ್ನಾಗಲಿ ಪುಡಿಯನ್ನಾಗಲಿ ಹಾಕಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಬರೆದಿದೆ.

ಮನೆಯಲ್ಲಿ ಉದುರಿಸುವ ಪುಡಿಗೆ ಅದರದೇ ಆದ ತೊಂದರೆಗಳೂ ಇವೆ. ಒಣಗಿದ ಹೊಲಿಗೆಯ ಮೇಲೆ ಹಾಕಿದ್ದು ಒಳಗೆ ಇಳಿಯುವುದಿಲ್ಲ. ಸೋಂಕು ಹುಟ್ಟುವುದು ಅಡಿಯ ಕೊಬ್ಬಿನಲ್ಲಿ. ಬೆವರಿಗೂ ರಸಿಕೆಗೂ ಸೇರಿ ಗಟ್ಟಿಯಾದ ಪುಡಿಯ ಪದರ ಕೆಂಪನ್ನು ಮರೆಮಾಡುತ್ತದೆ, ನೋಡಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ. ನಿಯೋಮೈಸಿನ್ ಮತ್ತು ಬ್ಯಾಸಿಟ್ರಾಸಿನ್ ಎರಡೂ ಚರ್ಮಕ್ಕೆ ಅಲರ್ಜಿ ತರುವ ಔಷಧಗಳೆಂದು ಹೆಸರಾದವು. ಅಲರ್ಜಿಯ ತುರಿಕೆಯನ್ನೂ ಕೆಂಪನ್ನೂ ಸೋಂಕೆಂದು ತಿಳಿದು ಇನ್ನಷ್ಟು ಪುಡಿ ಸುರಿದವರನ್ನು ನಾನು ನೋಡಿದ್ದೇನೆ. ಮೇಲಾಗಿ, ಅಳತೆಯಿಲ್ಲದೆ ಹೀಗೆ ಅಲ್ಪಸ್ವಲ್ಪ ತಾಗಿಸುತ್ತ ಹೋದರೆ ಬದುಕುಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಒಗ್ಗಿಹೋಗುತ್ತವೆ.

ಅಕ್ಕನಿಗೆ ಪುಡಿಯ ಬದಲು ಕೆಲಸ ಹೇಳಿದೆ. ದಿನಕ್ಕೊಮ್ಮೆ ಬೆಳಕಿನಲ್ಲಿ ಹೊಲಿಗೆಯನ್ನು ನೋಡಿ. ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯೆನಿಸಿದರೆ, ಅಂಗಿ ಒದ್ದೆಯಾದರೆ, ಜ್ವರ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ. ಗಾಯದ ಸೋಂಕು ಹೆಚ್ಚಾಗಿ ತಲೆಯೆತ್ತುವುದು ಐದರಿಂದ ಹತ್ತನೆಯ ದಿನದೊಳಗೆ, ಎಂದರೆ ಎಷ್ಟೋ ಸಲ ರೋಗಿ ಮನೆಗೆ ಬಂದ ಮೇಲೆ. ಲೆಕ್ಕಕ್ಕೆ ತೆಗೆದುಕೊಳ್ಳುವುದಂತೂ ಮೂವತ್ತು ದಿನಗಳವರೆಗೆ. ಜ್ವರದ ಜೊತೆಗೆ ಹೊಟ್ಟೆ ಉಬ್ಬರಿಸಿ ನೋವು ಬಂದರೆ ಮಾತ್ರ ಕಾಯಬಾರದು. ಅದು ಕರುಳಿನ ಜೋಡಣೆಯಲ್ಲಿ ಸೋರಿಕೆಯಾದ ಸೂಚನೆಯಾಗಿರಬಹುದು. ಬಂಗುಡೆ, ಮೊಟ್ಟೆ ನಂಜು ಎಂದು ಅವರು ಅಣ್ಣನಿಗೆ ಬರಿಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದರು. ಗಾಯ ಕೂಡಲು ಪ್ರೋಟೀನ್ ಬೇಕು, ಡಾಕ್ಟರರು ಬೇಡವೆಂದಿಲ್ಲವಾದರೆ ಕೊಡಿ ಎಂದೆ. “ನಂಜು ಆದರೆ ನೀವೇ ಜವಾಬ್ದಾರಿ” ಎಂದು ಅರ್ಧ ನಗುತ್ತ, ಅರ್ಧ ಗಂಭೀರವಾಗಿ ಹೇಳಿ ಹೋದರು.

ಹತ್ತನೆಯ ದಿನ ಹೊಲಿಗೆಯ ಕೆಳತುದಿ ಕೆಂಪಾಗಿ ಊದಿಕೊಂಡಿತು. ಜ್ವರವಿರಲಿಲ್ಲ. ಮಂಗಳೂರಿಗೆ ಕರೆದೊಯ್ದಾಗ ಸರ್ಜನ್ ಅಲ್ಲಿನ ಎರಡು ಪಿನ್ನುಗಳನ್ನು ತೆಗೆದು, ಎರಡು ಚಮಚದಷ್ಟು ಕಲಕಿದ ನೀರನ್ನು ಹೊರಬಿಟ್ಟು, ಸಲೈನಿನಲ್ಲಿ ತೊಳೆದು ಗಾಜ್ ಬಟ್ಟೆ ತುಂಬಿ ಕಳುಹಿಸಿದರು. ಆ ನೀರಿನ ಕಲ್ಚರ್ ಪರೀಕ್ಷೆಯಲ್ಲಿ ಬಂದದ್ದು ಇ. ಕೋಲಿ. ಕೆಂಪು ಸುತ್ತ ಹರಡಿರಲಿಲ್ಲವಾದ್ದರಿಂದ ಆಂಟಿಬಯಾಟಿಕ್ ಬರೆಯಲಿಲ್ಲ, ಆಗಲೂ ಅಕ್ಕನಿಗೆ ಆಶ್ಚರ್ಯ. ಪುಡಿ ಹಾಕಿದ್ದರೆ ಹೀಗಾಗುತ್ತಿರಲಿಲ್ಲವೋ ಏನೋ ಎಂದು ಅವರು ನನ್ನನ್ನು ನೇರವಾಗಿ ಕೇಳಲಿಲ್ಲ, ನನ್ನ ಮುಖ ನೋಡಿದರು. ನೂರು ಜನರ ಲೆಕ್ಕವನ್ನು ಹೇಳಬಹುದು, ಒಬ್ಬರ ಗಾಯಕ್ಕೆ ಅದರಿಂದ ಉತ್ತರ ಕೊಡಲಾಗುವುದಿಲ್ಲ. ಬಂಗುಡೆಯ ಮಾತಂತೂ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಈಗ ದಿನವೂ ಬೆಳಿಗ್ಗೆ ಹೋಗಿ ಡ್ರೆಸ್ಸಿಂಗ್ ಮಾಡುತ್ತಿದ್ದೇನೆ. ಹಳೆಯ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕು, ಒಣಗಿದ್ದನ್ನು ಎಳೆದರೆ ಹೊಸದಾಗಿ ಬಂದ ಮಾಂಸವೂ ಕಿತ್ತು ಬರುತ್ತದೆ. ಮೊದಲ ದಿನ ತೋರುಬೆರಳಿನ ಎರಡು ಗೆಣ್ಣಿನಷ್ಟು ಆಳವಿದ್ದ ಗುಳಿ ಈಗ ಒಂದು ಗೆಣ್ಣಿಗೂ ಸ್ವಲ್ಪ ಕಡಿಮೆಯಿದೆ, ತಳದಲ್ಲಿ ಕೆಂಪು ಮಾಂಸ ಕಾಳುಕಾಳಾಗಿ ಕಾಣುತ್ತಿದೆ. ಇಂದು ಅಣ್ಣ ಸ್ವತಃ ಕನ್ನಡಿ ತರಿಸಿಕೊಂಡು ನೋಡಿದರು.